ಗಾಡಿಯಲ್ಲಿ ಏನೂ ಇಲ್ಲ ಎಂಬ ಮಾತು

ಆಲ್ಕೊಳ ಸರ್ಕಲ್ಲಿನ ಹತ್ತಿರವಿದ್ದ ನನ್ನ ಶೆಡ್ಡನ್ನು ಕಳೆದ ವರ್ಷ ಬೇರೆಯವರಿಗೆ ಒಪ್ಪಿಸಿ ಗೋಪಾಳದ ಮನೆಯಲ್ಲಿ ಸುಮ್ಮನೆ ಕೂತಿದ್ದೇನೆ. ಸುಮ್ಮನೆ ಎಂದರೆ ಹೆಂಡತಿ ಒಪ್ಪುವುದಿಲ್ಲ. ಬೀದಿಯಲ್ಲಿ ಯಾವ ಗಾಡಿ ಕೆಮ್ಮುತ್ತಾ ಹೋದರೂ ನಾನು ಕಾಫಿ ಲೋಟ ಹಿಡಿದುಕೊಂಡೇ ಗೇಟಿನವರೆಗೆ ಓಡುತ್ತೇನೆಂದು ಅವಳ ದೂರು. ದೂರು ನಿಜವೇ. ಈಗ ಈ ಕಸುಬಿಗೆ ಇಳಿಯುತ್ತಿರುವ ಹುಡುಗರು ಐಟಿಐ ಮುಗಿಸಿ, ಕೈಯಲ್ಲಿ ಸ್ಕ್ಯಾನರ್ ಹಿಡಿದು ಬರುತ್ತಾರೆ. ಜಾಣರು. ಆದರೆ ಕಾರ್ಬೊರೇಟರ್ ಇರುವ ಹಳೆಯ ಗಾಡಿ ಬಂದು ನಿಂತರೆ ಅವರಿಗೆ ಕೈಕಾಲು ಆಡುವುದಿಲ್ಲ. ಸ್ಕ್ಯಾನರ್ ಚುಚ್ಚಲು ಅದರಲ್ಲಿ ಜಾಗವೇ ಇಲ್ಲವಲ್ಲ! ಅಂಥವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪೆಟ್ರೋಲು ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ದಾರಿ ಮೂರು ಮಾರು ಉದ್ದವೂ ಇಲ್ಲ. ಟ್ಯಾಂಕು, ಪೈಪು, ಪಂಪು, ಫಿಲ್ಟರು, ಕಾರ್ಬೊರೇಟರು, ಅಷ್ಟೇ. ಅಷ್ಟು ದಾರಿಯಲ್ಲಿ ಪೆಟ್ರೋಲು ಎಲ್ಲಿ ತಪ್ಪಿಸಿಕೊಂಡಿತು ಎಂದು ಹುಡುಕುವುದರಲ್ಲೇ ನನ್ನ ಆಯುಷ್ಯದ ಅರ್ಧ ಕಳೆಯಿತು. ಬೇಸರವಿಲ್ಲ. ಗೇರ್‌ಬಾಕ್ಸು ಬಿಚ್ಚುವವರಿಗೆ ಕೈ ನೋವು ಮಾತ್ರ, ನಮಗೆ ಕಥೆಗಳೂ ಸಿಗುತ್ತಿದ್ದವು.

ನನಗೆ ಕೆಲಸ ಕಲಿಸಿದವರು ಖಾದರ್ ಉಸ್ತಾದರು. ಸಿಡುಕಿನ ಮನುಷ್ಯ, ಮನಸ್ಸು ಮಾತ್ರ ಬೆಣ್ಣೆ. ಗಾಡಿ ಬಂದ ಕೂಡಲೇ ಯಾರಾದರೂ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಬಾನೆಟ್ಟಿನತ್ತ ಹೊರಟರೆ ಅವರ ಪಿತ್ತ ನೆತ್ತಿಗೇರುತ್ತಿತ್ತು. "ಮೊದ್ಲು ಮೂಗು ಕೆಲ್ಸ ಮಾಡ್ಬೇಕು ಬೇಟಾ, ಆಮೇಲೆ ಪಾನಾ. ಹೋಗು, ಟ್ಯಾಂಕ್ ಮುಚ್ಚಳ ತೆಗ್ದು ಮೂಸಿ ನೋಡು" ಎನ್ನುತ್ತಿದ್ದರು. ಸೀಮೆಎಣ್ಣೆ ಬೆರೆಸಿದ ಪೆಟ್ರೋಲು, ತಿಂಗಳುಗಟ್ಟಲೆ ನಿಂತು ಹಳಸಿದ ಪೆಟ್ರೋಲು, ಎಲ್ಲವೂ ಅವರಿಗೆ ಮೂಗಿನಲ್ಲೇ ಗೊತ್ತಾಗುತ್ತಿತ್ತು. ಅವರಿಂದ ನನಗೂ ಅದೇ ರೂಢಿಯಾಯಿತು. ಶೆಡ್ಡಿಗೆ ಯಾವ ಗಾಡಿ ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತಿರುವಿ ಮೂಗು ಇಡುವುದು. ದೇವಸ್ಥಾನಕ್ಕೆ ಹೋದವರು ಗಂಟೆ ಬಾರಿಸಿದಷ್ಟು ಸಹಜವಾಗಿ ನನ್ನ ಕೈ ಅಲ್ಲಿಗೆ ಹೋಗುತ್ತಿತ್ತು.

ಎರಡನೆಯ ಪಾಠ ಗಿರಾಕಿಗಳ ಮಾತು. ಅಡಿಕೆ ತೋಟದವರು ಬಂದು "ಏರು ಸಿಕ್ಕಿದ್ರೆ ಎತ್ತು ಮಲಗ್ದಂಗೆ ಮಲಗ್ಬಿಡ್ತದೆ" ಎನ್ನುತ್ತಿದ್ದರು. ಭದ್ರಾವತಿ ಕಾರ್ಖಾನೆಯ ಕಡೆಯವರು ತಮಿಳು ಬೆರೆಸಿ "ಇಳುಕ್ಕಲ ಅಣ್ಣಾ" ಎಂದರೆ ಎಂಜಿನ್ ಎಳೆಯುತ್ತಿಲ್ಲ ಎಂದರ್ಥ. ಪೇಟೆಯವರು "ದಮ್ ಕಟ್ತಿದೆ" ಎನ್ನುತ್ತಿದ್ದರು. ಈ ಮಾತುಗಳನ್ನು ನಕ್ಕು ತಳ್ಳಿಹಾಕಬೇಡಿ. ಓಡುತ್ತಿದ್ದ ಗಾಡಿ ದೀಪ ಆರಿದ ಹಾಗೆ ತಟ್ಟನೆ ನಿಂತರೆ ಕರೆಂಟಿನ ಕಡೆ ನೋಡಬೇಕು. ದಮ್ ಕಟ್ಟಿ, ಮುಗ್ಗರಿಸಿ, ಆಮೇಲೆ ನಿಂತರೆ ಪೆಟ್ರೋಲಿನ ಕಡೆ. ಅರ್ಧ ರೋಗ ಗಿರಾಕಿಯ ಬಾಯಲ್ಲೇ ಬಂದಿರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ.

ಆಯನೂರು ಕಡೆಯ ರೈತರೊಬ್ಬರ ಪೆಟ್ರೋಲ್ ಜೀಪು ನನ್ನನ್ನು ಚೆನ್ನಾಗಿ ಆಟ ಆಡಿಸಿತ್ತು. ಸ್ವಲ್ಪ ದೂರ ಗಡದ್ದಾಗಿ ಓಡುವುದು, ನಿಲ್ಲುವುದು, ಬೀಡಿ ಸೇದುವಷ್ಟು ಹೊತ್ತು ಬಿಟ್ಟರೆ ಮತ್ತೆ ಓಡುವುದು. ಕಾರ್ಬೊರೇಟರ್ ತೊಳೆದೆ, ಪಂಪು ಬಿಚ್ಚಿದೆ, ಏನೂ ಸಿಗಲಿಲ್ಲ. ಕೊನೆಗೆ ಟ್ಯಾಂಕನ್ನೇ ಇಳಿಸಿ ಬಗ್ಗಿಸಿದರೆ ಒಂದು ತುಂಡು ಪ್ಲಾಸ್ಟಿಕ್ ಕವರು ತೇಲಿ ಬಂತು. ಎಂಜಿನ್ ಎಳೆಯುವಾಗ ಅದು ಹೋಗಿ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು, ಎಂಜಿನ್ ನಿಂತರೆ ಬಿಟ್ಟು ಕೆಳಗಿಳಿಯುತ್ತಿತ್ತು. ಜೀಪಿನವರು ಅದನ್ನು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯಾ, ಅದು ನನ್ನ ಎಲೆ ಅಡಿಕೆ ಕವರು! ಪೆಟ್ರೋಲ್ ಕ್ಯಾನಿನ ಬಿರಡೆ ಕಳ್ದೋಗಿತ್ತು ಅಂತ ಅದನ್ನೇ ತುರ್ಕಿದ್ದೆ." ಟ್ಯಾಂಕಿನ ತಳದಲ್ಲಿ ಒಂದು ಅಡಿಕೆ ಹೋಳೂ ಇತ್ತು. ಅದನ್ನು ಅವರ ಅಂಗೈಯಲ್ಲಿಟ್ಟು ಕಳಿಸಿದೆ.

ಬೇಸಿಗೆ ಬಂತೆಂದರೆ ಇನ್ನೊಂದು ಬಗೆ. ಎಂಜಿನ್ನಿನ ಮಗ್ಗುಲಲ್ಲೇ ಇರುವ ಪಂಪು ಕಾದು, ಪೈಪಿನೊಳಗೆ ಪೆಟ್ರೋಲು ಆವಿಯಾಗಿ, ಮುಂದಕ್ಕೆ ಹೋಗುವುದೇ ಇಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಬೇಕು. ಒಮ್ಮೆ ಮದುವೆಯ ದಿಬ್ಬಣದ ಕಾರು ಮುಹೂರ್ತದ ಹೊತ್ತಿಗೆ ಸರಿಯಾಗಿ ನಿಂತಾಗ, ಕೈಗೆ ಬೇರೇನೂ ಸಿಗದೆ ಮದುಮಗನ ಶಲ್ಯವನ್ನೇ ನೆನೆಸಿ ಪಂಪಿಗೆ ಸುತ್ತಿದೆವು. ಪುಣ್ಯಾತ್ಮ ಪೆಟ್ರೋಲಿನ ವಾಸನೆ ಹೊಡೆಯುತ್ತಲೇ ಹೋಗಿ ತಾಳಿ ಕಟ್ಟಿದ. ಈಗಲೂ ಸಿಕ್ಕಾಗ ಅವನ ಹೆಂಡತಿ ಅದನ್ನೇ ಹೇಳಿ ನಗುತ್ತಾಳೆ.

ಈಗಿನ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ. ಕೀ ತಿರುಗಿಸಿದರೆ ಗುಯ್ ಎನ್ನುತ್ತದೆ, ಎನ್ನದಿದ್ದರೆ ಅಲ್ಲಿಂದ ಹುಡುಕಲು ಶುರು. ಪೆಟ್ರೋಲೂ ಬದಲಾಗಿದೆ. ಎಥೆನಾಲ್ ಬೆರೆಸಲು ಹತ್ತಿದ ಮೇಲೆ ಹಳೆಯ ಗಾಡಿಗಳ ರಬ್ಬರ್ ಪೈಪು ಮೆತ್ತಗಾಗಿ ಒಳಗೊಳಗೇ ಕಳಚುತ್ತಿತ್ತು, ಬಂದ ಗಾಡಿಗಳಿಗೆಲ್ಲ ಹೊಸ ಪೈಪು ಹಾಕುವುದೇ ಕೆಲಸವಾಗಿತ್ತು. ಸರಸ್ವತಮ್ಮನವರ ಕಾರು ಬಂದಾಗಲೂ ನಾನು ಮೊದಲು ಅದನ್ನೇ ಅನುಮಾನಿಸಿದ್ದೆ.

ಸರಸ್ವತಮ್ಮ ಭದ್ರಾವತಿಯ ಕಾಗದನಗರದವರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಯಜಮಾನರು ಕಾಗದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದರಲ್ಲಿ ಈ ಅಮ್ಮನಿಗೆ ಬಹಳ ಪ್ರೀತಿಯದು ಆ ಬೂದು ಬಣ್ಣದ ಹಳೆಯ ಪೆಟ್ರೋಲ್ ಕಾರು. ಓಡಿಸುವವನು ಸೆಲ್ವರಾಜ. ಕಾರು ಹೊಸದಾಗಿ ಬಂದಾಗಿನಿಂದ ಅವನೇ ಡ್ರೈವರು. ಕಾರ್ಖಾನೆ ನಿಂತ ಮೇಲೆ ಅವನ ಓರಗೆಯವರೆಲ್ಲ ದಿಕ್ಕಾಪಾಲಾದರೂ ಅವನು ಈ ಮನೆ ಬಿಟ್ಟು ಕದಲಿರಲಿಲ್ಲ. ಪ್ರತಿ ಶನಿವಾರ ಅಮ್ಮನನ್ನು ಗೋಪಾಳದಲ್ಲಿರುವ ಅವರ ಅಕ್ಕನ ಮನೆಗೆ ಕರೆತಂದು, ಸಂಜೆ ವಾಪಸ್ ಕರೆದೊಯ್ಯುವುದು ಅವನ ಮುಖ್ಯ ಕೆಲಸ.

ಈ ಶನಿವಾರದ ಪಯಣದಲ್ಲೇ ತೊಂದರೆ ಶುರುವಾಯಿತು. ಕಾರು ಭದ್ರಾವತಿಯಿಂದ ಚೆನ್ನಾಗಿ ಹೊರಟು, ಮಾಚೇನಹಳ್ಳಿ ದಾಟುತ್ತಿದ್ದಂತೆ ದಮ್ ಕಟ್ಟಿ, ಅಲ್ಲೊಂದು ಟೀ ಅಂಗಡಿಯ ಎದುರು ಬಂದು ನಿಲ್ಲುತ್ತಿತ್ತು. ಸೆಲ್ವ ಇಳಿದು ಟೀ ಕುಡಿದು ಬಂದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಒಂದು ಶನಿವಾರವಲ್ಲ, ಬಂದ ಬಂದ ಶನಿವಾರವೆಲ್ಲ ಇದೇ. ಇದರಲ್ಲಿ ಇನ್ನೊಂದು ವಿಷಯವಿತ್ತು. ಆ ಟೀ ಅಂಗಡಿ ಸೆಲ್ವನ ಸ್ವಂತ ತಂಗಿಯದು.

ಸೆಲ್ವ ಕಾರನ್ನು ನನ್ನ ಶೆಡ್ಡಿಗೆ ತಂದ. ನಾನು ಎಂದಿನಂತೆ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲು ಚೊಕ್ಕವಾಗಿತ್ತು. ಜೊತೆಗೆ ಶ್ರೀಗಂಧದ ಪರಿಮಳವೂ ಬಂತು. ಅಮ್ಮ ಮುಚ್ಚಳಕ್ಕೆ ಗಂಧ, ಅರಿಶಿನ, ಕುಂಕುಮ ಹಚ್ಚಿದ್ದರು. ಎಷ್ಟು ಲಕ್ಷಣವಾಗಿ ಇಟ್ಟುಕೊಂಡಿದ್ದಾರೆ ಎಂದು ಸಂತೋಷಪಟ್ಟು ಮುಚ್ಚಳ ಹಾಕಿ ಕೆಲಸಕ್ಕೆ ಇಳಿದೆ. ರಬ್ಬರ್ ಪೈಪು ಬದಲಿಸಿದೆ, ಕಾರ್ಬೊರೇಟರ್ ತೊಳೆದೆ, ಗೋಪಾಳದವರೆಗೆ ಓಡಿಸಿ ನೋಡಿದೆ. ಹೂವು ಎತ್ತಿದಷ್ಟು ಹಗುರವಾಗಿ ಓಡಿತು. ಮುಂದಿನ ಶನಿವಾರ ಮತ್ತೆ ಅಲ್ಲೇ ನಿಂತಿತು. ಪಂಪಿನ ಡಯಾಫ್ರಮ್ ಬದಲಿಸಿದೆ. ಮತ್ತೆ ಅಲ್ಲೇ. ಪ್ರತಿ ಸಲವೂ ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು, ನಾನು ಪ್ರತಿ ಸಲವೂ ಗತ್ತಿನಿಂದ "ಗಾಡಿಯಲ್ಲಿ ಏನೂ ಇಲ್ಲ ಮೇಡಂ, ಫಸ್ಟ್ ಕ್ಲಾಸ್ ಇದೆ" ಎನ್ನುತ್ತಿದ್ದೆ.

ಒಂದು ಗುರುವಾರ ಅವರ ಫೋನು ಬಂತು. ದನಿ ಎಂದಿನಂತಿರಲಿಲ್ಲ.

"ನಾಗರಾಜು, ನೀನು ಗಾಡೀಲಿ ಏನೂ ಇಲ್ಲ ಅಂತೀಯ. ಆದ್ರೆ ಅವನ ತಂಗಿ ಅಂಗಡಿ ಎದುರೇ ನಿಲ್ಲುತ್ತೆ, ಅವನು ಟೀ ಕುಡಿದ ಮೇಲೆ ಹೊರಡುತ್ತೆ. ಅಂದ್ರೆ ಏನು ಅರ್ಥ, ನೀನೇ ಹೇಳು ಮಾರಾಯ."

ನಾನು ಫೋನು ಹಿಡಿದು ಶೆಡ್ಡಿನ ಹೊರಗೆ ಬಂದೆ. ಅವರೇ ಮುಂದುವರಿಸಿದರು.

"ತಂಗಿ ನೋಡ್ಬೇಕು ಅಂದ್ರೆ ಬಾಯಿಬಿಟ್ಟು ಕೇಳ್ಲಿ, ನಾನೇನು ಬೇಡ ಅಂತೀನಾ? ಯಜಮಾನ್ರು ಇದ್ದಿದ್ರೆ ಹೀಗೆ ಆಟ ಕಟ್ತಿದ್ನಾ? ಹೆಂಗ್ಸು ಒಬ್ಳೇ ಇದಾಳೆ, ಇವಳಿಗೇನು ಗೊತ್ತಾಗುತ್ತೆ ಅಂತ ತಾನೆ? ನನಗೆ ನೋವಾಗಿರೋದು ಅದೇ. ಈ ಶನಿವಾರ ನೀನು ಜೊತೆಗೆ ಬಾ. ನೀನು ಕೂತಾಗ ನಿಲ್ದೇ ಹೋದ್ರೆ ಅವನನ್ನ ಕೆಲ್ಸದಿಂದ ಬಿಡಿಸ್ತೀನಿ."

ಫೋನು ಇಟ್ಟ ಮೇಲೆ ನನ್ನದೇ ಮಾತನ್ನು ಮತ್ತೆ ನೆನೆದೆ. ನನ್ನ ಪಾಲಿಗೆ ಅದು ಶೆಡ್ಡಿನ ಮಾಮೂಲಿ ಮಾತಾಗಿತ್ತು. ಆದರೆ ಗಾಡಿಯಲ್ಲಿ ಏನೂ ಇಲ್ಲ ಎಂದು ನಾನು ಹೇಳಿದ ಒಂದೊಂದು ಸಲವೂ ಅದು ಸೆಲ್ವನ ವಿರುದ್ಧ ನುಡಿದ ಸಾಕ್ಷಿಯಾಗಿತ್ತು. ಹುಡುಗರೇ, ಇದೊಂದನ್ನು ನೆನಪಿಡಿ. ಸಿಗದಿದ್ದರೆ "ನನಗೆ ಸಿಗಲಿಲ್ಲ" ಎನ್ನಿ. "ಏನೂ ಇಲ್ಲ" ಎನ್ನಬೇಡಿ. ಆ ಎರಡು ಮಾತಿನ ನಡುವೆ ಯಾರದೋ ಅನ್ನ ಇರುತ್ತದೆ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಕಾಗದನಗರಕ್ಕೆ ಹೋದೆ. ಸೆಲ್ವ ಇಸ್ತ್ರಿ ಮಾಡಿದ ಶರ್ಟು ಹಾಕಿ ಕಾರು ಒರೆಸುತ್ತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಣ್ಣಾ, ಇವತ್ತು ಗಾಡಿ ನಿಂತ್ರೆ ಸಾಕು ಅಂತ ಮಾರಿಯಮ್ಮನಿಗೆ ಕಾಯಿ ಹೊಡ್ದು ಬಂದಿದೀನಿ. ನೀವು ಇದ್ದಾಗ ಓಡ್ಬಿಟ್ರೆ ನಾನು ಸತ್ತೆ. ಸಂಬಳ ಹೋಗ್ಲಿ ಅಣ್ಣಾ. ಸಾರ್ ಇದ್ದಾಗಿಂದ ಇದೀನಿ, ಮೇಡಮ್ಮ ನನ್ನ ಕಳ್ಳ ಅಂದ್ಕೊಂಡ್ರಲ್ಲ, ಅದನ್ನ ತಡ್ಕೊಳೋಕೆ ಆಗಲ್ಲ." ಗಾಡಿ ಓಡಲಿ ಎಂದು ಜನ ನನ್ನ ಹತ್ತಿರ ಬರುತ್ತಿದ್ದರು. ಗಾಡಿ ಕೆಟ್ಟು ನಿಲ್ಲಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ಅದೇ ಮೊದಲು.

ಅಮ್ಮ ಹಿಂದಿನ ಸೀಟಿನಲ್ಲಿ ಕೂತರು, ನಾನು ಸೆಲ್ವನ ಪಕ್ಕದಲ್ಲಿ. ಭದ್ರಾವತಿ ದಾಟಿತು, ಎಂಜಿನ್ನಿನ ಸದ್ದು ಕಿವಿಗೆ ಹಿತವಾಗಿತ್ತು, ನನಗೆ ಮಾತ್ರ ಅದೇ ಹಿಂಸೆ. ಮಾಚೇನಹಳ್ಳಿ ಬಂತು. ದೂರದಲ್ಲಿ ತಂಗಿಯ ಅಂಗಡಿಯ ನೀಲಿ ಟಾರ್ಪಾಲು ಕಂಡಿತು. ಹತ್ತಿರವಾಯಿತು. ಅವಳು ಬಾಗಿಲಲ್ಲಿ ನಿಂತು ಅಣ್ಣನ ಕಾರೆಂದು ಕೈ ಎತ್ತಿದಳು. ಕಾರು ನಿಲ್ಲಲೇ ಇಲ್ಲ, ಅಂಗಡಿ ದಾಟಿಹೋಯಿತು.

ಹಿಂದಿನಿಂದ "ಹ್ಞೂಂ" ಎಂದು ಮಾತ್ರ ಕೇಳಿಸಿತು.

ನಾನು ಸೆಲ್ವನ ಮುಖ ನೋಡಲಾರದೆ ಕೆಳಗೆ ನೋಡಿದೆ. ಆಗ ಅವನ ಕಾಲು ಕಣ್ಣಿಗೆ ಬಿತ್ತು. ಆಕ್ಸಿಲರೇಟರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದ. ಅಂಗಡಿಗಿಂತ ಹಿಂದೆಯೇ ದಮ್ ಕಟ್ಟಲು ಶುರುವಾಗಿತ್ತು, ಇವನು ಹೇಗೋ ಎಳೆದುಕೊಂಡು ಬಂದಿದ್ದ. ಸ್ವಲ್ಪ ದೂರದಲ್ಲಿ ಕಾರು ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ನಿಂತೇಬಿಟ್ಟಿತು. ಅಲ್ಲಿ ನೆರಳೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ.

"ಅಲ್ಲೇ ನಿಲ್ತಾ ಇತ್ತು ಅಣ್ಣಾ" ಎಂದ ಸೆಲ್ವ. "ಅಂಗಡಿ ಎದ್ರು ನಿಂತ್ರೆ ಮತ್ತೆ ಅದೇ ಅನುಮಾನ ಅಂತ ಒತ್ತಿ ಒತ್ತಿ ತಂದೆ. ಬೇರೆ ಶನಿವಾರ ಹಾಗಲ್ಲ, ಇನ್ನು ಎಳೆಯೋದೇ ಇಲ್ಲ ಅಂದಾಗ ನೆರಳಿದೆ, ಮೇಡಮ್ಮನಿಗೆ ಬಿಸ್ಲು ಆಗಲ್ಲ ಅಂತ ಅಲ್ಲಿವರ್ಗೂ ಉರುಳಿಸ್ಕೊಂಡು ಹೋಗ್ತಿದ್ದೆ."

ನಾನು ಇಳಿದು ಬಾನೆಟ್ಟು ಎತ್ತಿದೆ. ಕಾರ್ಬೊರೇಟರಿಗೆ ಬರುವ ಪೈಪು ಕಳಚಿ ಸೆಲ್ಫ್ ಹೊಡೆಯಲು ಹೇಳಿದೆ. ಒಂದು ಹನಿ ಪೆಟ್ರೋಲು ಬರಲಿಲ್ಲ. ನನಗೆ ಆದ ಆನಂದ ಹೇಳತೀರದು. ಸೆಲ್ವ ಆಟ ಕಟ್ಟುತ್ತಿಲ್ಲ, ಗಾಡಿ ನಿಜವಾಗಿಯೂ ಉಪವಾಸ ಬಿದ್ದಿದೆ! ಆದರೆ ಯಾಕೆ? ಪಂಪು ಹೊಸದರಂತಿದೆ, ಪೈಪು ಹೊಸದು, ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿದೆ. ಪಂಪಿಗೆ ಒದ್ದೆ ಬಟ್ಟೆ ಹಾಕಿದೆ, ಬಗ್ಗಲಿಲ್ಲ. ಕಾರಣ ಹೇಳದೆ ಬರೀ ಪೆಟ್ರೋಲು ಬರುತ್ತಿಲ್ಲ ಎಂದರೆ ಹೆಡ್‌ಮಿಸ್ ಒಪ್ಪುವವರಲ್ಲ.

ಏನೂ ತೋಚದಿದ್ದಾಗ ಕೈ ತನ್ನ ರೂಢಿಯ ಜಾಗಕ್ಕೆ ಹೋಗುತ್ತದೆ. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದೆ. ಸ್ಸ್ಸ್ ಎಂದು ದೊಡ್ಡದಾಗಿ ಸದ್ದು ಬಂತು.

"ಏನದು?" ಎಂದು ಅಮ್ಮ ಇಳಿದೇ ಬಂದರು.

"ಟ್ಯಾಂಕು ಉಸಿರು ಎಳ್ಕೊಳ್ತಿದೆ ಮೇಡಂ" ಎಂದೆ. "ಸೆಲ್ವಾ, ಹೊಡಿ ಸೆಲ್ಫು!"

ಹೊಡೆದ. ಕಳಚಿಟ್ಟಿದ್ದ ಪೈಪಿನಿಂದ ಪೆಟ್ರೋಲು ಚಿಲ್ಲೆಂದು ಚಿಮ್ಮಿತು. ಎಲ್ಲ ಅರ್ಥವಾಯಿತು, ನಗುವೂ ಬಂತು. ಶೆಡ್ಡಿನಲ್ಲಿ ಈ ಸದ್ದು ನನಗೆ ಕೇಳಿಸದಿದ್ದದ್ದಕ್ಕೆ ಒಂದು ಕಾರಣ ಪಕ್ಕದ ಟಿಂಕರಿಂಗ್ ಶೆಡ್ಡಿನ ಸುತ್ತಿಗೆ. ಇನ್ನೊಂದು, ಕಾರು ಅಲ್ಲಿಗೆ ಬರುವಷ್ಟರಲ್ಲಿ ದಾರಿಯಲ್ಲಿ ನಿಂತು ಸುಧಾರಿಸಿಕೊಂಡಿರುತ್ತಿತ್ತು. ಉಳಿದದ್ದನ್ನು ಉಸ್ತಾದರ ಪಾಠವೇ ಮುಗಿಸುತ್ತಿತ್ತು. ಮೂಸಲೆಂದು ನಾನು ಮುಚ್ಚಳ ತೆಗೆದ ಕ್ಷಣವೇ ರೋಗ ಹೊರಟುಹೋಗುತ್ತಿತ್ತು, ಆಮೇಲೆ ನಾನು ಇಲ್ಲದ ರೋಗವನ್ನು ಹುಡುಕುತ್ತಿದ್ದೆ. ಉಸ್ತಾದರು ಬದುಕಿದ್ದರೆ ಪಾನಾ ಎಸೆದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಮ್ಮನಿಗೆ ವಿವರಿಸಿದೆ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸುರಿಯಲ್ಲ ಅಲ್ವಾ ಮೇಡಂ, ಗಾಳಿ ಹೋಗೋಕೆ ಇನ್ನೊಂದು ತೂತು ಬೇಕು. ಇಲ್ಲೂ ಅಷ್ಟೆ. ಪೆಟ್ರೋಲು ಖರ್ಚಾದ ಹಾಗೆ ಅಷ್ಟು ಗಾಳಿ ಒಳಗೆ ಹೋಗ್ಬೇಕು. ಅದಕ್ಕೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು..."

ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ. ಮುಚ್ಚಳವನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗಂಧದ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಮತ್ತೆ ಗಂಧ. ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು.

"ಇದು ನಾನು ಹಚ್ಚಿದ್ದು" ಎಂದರು. "ಅವರು ಇದ್ದಾಗ ಆಯುಧಪೂಜೆ ದಿನ ಬಾನೆಟ್ಟಿಗೆ ಒಂದು ಬೊಟ್ಟು ಇಡ್ತಿದ್ರು, ಅಷ್ಟೆ. ಅವರು ಹೋದ ಮೇಲೆ ನಾನು ಪ್ರತಿ ಶುಕ್ರವಾರ ಪೂಜೆ ಮಾಡ್ತೀನಿ. ಇದು ಗಾಡಿ ಊಟ ಮಾಡೋ ಬಾಯಿ ಅಲ್ವಾ, ಇದಕ್ಕೂ ಇರ್ಲಿ ಅಂತ..." ಸೆರಗಿನ ಪಿನ್ನು ತೆಗೆದು, ಆ ಮುಚ್ಚಳವನ್ನು ಕೆರೆದು ಕೆರೆದು, ತೂತು ಕಾಣುವವರೆಗೂ ತಾವೇ ಬಿಡಿಸಿದರು. ನಾನು ಕೈ ಚಾಚಿದರೂ ಕೊಡಲಿಲ್ಲ.

"ನೀನ್ಯಾಕೋ ಒಂದು ದಿನಾನೂ ಇದನ್ನ ಒರೆಸ್ಲಿಲ್ಲ?" ಎಂದು ಸೆಲ್ವನನ್ನು ಕೇಳಿದರು.

"ನೀವು ಸಾರ್‌ನ ನೆನೆಸ್ಕೊಂಡು ಹಚ್ಚೋದು ಮೇಡಮ್ಮ. ಅದನ್ನ ನಾನು ಹೆಂಗೆ ಒರೆಸ್ಲಿ?"

ಅವರು ಮುಚ್ಚಳವನ್ನು ತಾವೇ ತಿರುವಿ ಹಾಕಿ, ಕೀ ಕಿತ್ತುಕೊಂಡು ಇಳಿದು ನಿಂತಿದ್ದ ಸೆಲ್ವನ ಎದುರು ಬಂದು ನಿಂತರು. ನಾನು ಪೈಪು ಜೋಡಿಸುವ ನೆಪದಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದೆ. ಆದರೂ ಕೇಳಿಸಿತು.

"ತಪ್ಪಾಯ್ತು ಕಣೋ" ಎಂದರು ಸಣ್ಣ ದನಿಯಲ್ಲಿ.

ಸೆಲ್ವ ತಿರುಗಿ ಆಡಿದ ಮಾತಿಗೆ ನಾನು ಪಾನಾ ಕೈಬಿಟ್ಟೆ. ವರ್ಷಗಟ್ಟಲೆ ಸ್ಕೂಲಿನ ಕಿಟಕಿಯ ಕೆಳಗೆ ಕಾರು ನಿಲ್ಲಿಸಿಕೊಂಡು, ಒಳಗೆ ಮಕ್ಕಳಿಗೆ ಅವರು ಹೇಳುತ್ತಿದ್ದುದನ್ನೆಲ್ಲ ಕೇಳಿಸಿಕೊಂಡವನು ಅವನು. ಆ ಹೆಡ್‌ಮಿಸ್ ದನಿಯನ್ನೇ ತೆಗೆದು ಹೇಳಿದ.

"ಜೋರಾಗಿ ಹೇಳಿ. ಲಾಸ್ಟ್ ಬೆಂಚಿಗೆ ಕೇಳಿಸ್ಲಿಲ್ಲ."

ನಾನು ತಲೆ ಹೊರಗೆ ತೆಗೆದೆ. ಅಮ್ಮನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ಬಂದೇಬಿಟ್ಟಿತ್ತು. ಸೆರಗು ಸರಿಮಾಡಿಕೊಂಡು, ಪ್ರಾರ್ಥನೆಗೆ ನಿಂತವರ ಹಾಗೆ ನೆಟ್ಟಗೆ ನಿಂತು, ಆ ರಸ್ತೆಯ ಬಿಸಿಲಲ್ಲಿ ಗಟ್ಟಿಯಾಗಿ "ತಪ್ಪಾಯ್ತು ಸೆಲ್ವರಾಜ್!" ಎಂದರು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ವೇಗ ತಗ್ಗಿಸಿ ತಿರುಗಿ ನೋಡಿಕೊಂಡು ಹೋದ.

ಸೆಲ್ವ ಹಿಂದಿನ ಬಾಗಿಲು ತೆಗೆದು ಅವರನ್ನು ಕೂರಿಸಿದ. ತನ್ನ ಸೀಟಿಗೆ ಬಂದು ಕೂತ. ಅವನ ಕಣ್ಣು ಎಷ್ಟು ಮಂಜಾಗಿತ್ತೆಂದರೆ, ಅಷ್ಟು ವರ್ಷ ಓಡಿಸಿದ ಆ ಕಾರಿನಲ್ಲಿ ಕೀ ಹಾಕುವ ಜಾಗ ಸಿಗದೆ ತಡಕಾಡುತ್ತಿದ್ದ.